ಹೋಲಿಕೆ 80 ದಾಟಿದರೆ ಒಳಗೆ ಬಿಡಬಹುದಾ?

ಪ್ರಶ್ನೆ: ನಮ್ಮ ಡೆಲಿವರಿ ಆ್ಯಪ್‌ನಲ್ಲಿ ಹುಡುಗರು ಲಾಗಿನ್ ಆಗುವಾಗ ಸೆಲ್ಫಿ ತೆಗೆಯುತ್ತಾರೆ. ಕೆಲಸಕ್ಕೆ ಸೇರುವಾಗ ಕೊಟ್ಟ ಫೋಟೋ ಜೊತೆ ಅದನ್ನು ಅಮೆಜಾನ್ ರೆಕಗ್ನಿಷನ್ ಅನ್ನೋ ಮುಖ ಹೋಲಿಸುವ ಸೇವೆಯಲ್ಲಿ ಹೋಲಿಸುತ್ತೇವೆ. ಹೋಲಿಕೆಯ ಅಂಕ ನೂರಕ್ಕೆ 80 ದಾಟಿದರೆ ಅದೇ ವ್ಯಕ್ತಿ ಅಂತ ತಗೋಬಹುದಾ?

ಬೇಡ. ನೀವು ಮಿತಿ ಇಷ್ಟು ಅಂತ ಹೇಳದಿದ್ದಾಗ ಆ ಸೇವೆ ತಾನಾಗಿ ಹಾಕಿಕೊಳ್ಳುವ ಸಂಖ್ಯೆ 80, ಅಷ್ಟೇ. ನಿಮ್ಮ ಕೆಲಸ ನೋಡಿ ಯಾರೂ ಲೆಕ್ಕ ಹಾಕಿದ್ದಲ್ಲ. ಮೊದಲ ಫೋಟೋದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಮುಖವನ್ನು ಅದು ಅಂಕಿಗಳ ಸಾಲಾಗಿ ಮಾಡಿಕೊಳ್ಳುತ್ತದೆ, ಎರಡನೇ ಫೋಟೋದಲ್ಲಿರುವ ಮುಖಗಳಿಗೆ (100ರವರೆಗೆ ನೋಡುತ್ತದೆ) ಅದು ಎಷ್ಟು ಹತ್ತಿರ ಅಂತ ಅಳೆಯುತ್ತದೆ. 92 ಬಂದರೆ ನೂರಕ್ಕೆ 92 ಪಾಲು ಇವನೇ ಅಂತ ಅಲ್ಲ, ಮುಖಗಳು ಅಷ್ಟು ಹೋಲುತ್ತವೆ ಅಂತ. ಅಣ್ಣತಮ್ಮಂದಿರೂ ಹೋಲುತ್ತಾರೆ, ಅಲ್ವಾ?

2018ರಲ್ಲಿ ಅಮೆರಿಕದ ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಇದೇ ಸೇವೆಯನ್ನು ಇದೇ 80ರಲ್ಲಿಟ್ಟು ಪರೀಕ್ಷೆ ಮಾಡಿತು. ಬಂಧಿತರ 25,000 ಫೋಟೋಗಳ ಜೊತೆ ಅಲ್ಲಿನ ಸಂಸದರ ಫೋಟೋಗಳನ್ನು ಹೋಲಿಸಿದಾಗ 28 ಸಂಸದರ ಮುಖ ಯಾರ್ಯಾರದೋ ಮುಖಕ್ಕೆ ಹೊಂದಿತು. ಇಂಥ ಕೆಲಸಕ್ಕೆ 80 ಸಾಲದು ಅಂತ ಅಮೆಜಾನೇ ಹೇಳಿತು. ಪೊಲೀಸರಿಗೆ ಅದು ಹೇಳುವ ಮಿತಿ 99. ನಿಮ್ಮದು ಸಾವಿರಾರು ಮುಖಗಳಲ್ಲಿ ಹುಡುಕುವ ಕೆಲಸ ಅಲ್ಲ, ಒಬ್ಬರನ್ನು ಒಬ್ಬರ ಜೊತೆ ನೋಡುವುದು, ಹಾಗಾಗಿ ತಪ್ಪು ಹೊಂದಾಣಿಕೆಯ ಸಂಭವ ಕಡಿಮೆ. ಆದರೂ 99ರಿಂದ ಶುರು ಮಾಡಿ. ಪರೀಕ್ಷೆಯ ಹೊತ್ತಲ್ಲಿ ಮಾತ್ರ ಮಿತಿಯನ್ನು 0ಗೆ ಇಳಿಸಿ, ಆಗ ಎಲ್ಲ ಅಂಕಗಳೂ ಕಾಣುತ್ತವೆ. ಸಂಜೆ ಬೆಳಕಲ್ಲಿ, ಗಡ್ಡ ಬಿಟ್ಟಾಗ, ಕನ್ನಡಕ ಹಾಕಿದಾಗ ನಿಮ್ಮವರದೇ ಮುಖಕ್ಕೆ ಎಷ್ಟು ಬರುತ್ತದೆ, ಬೇರೆಯವರ ಮುಖಕ್ಕೆ ಎಷ್ಟು ಬರುತ್ತದೆ ಅಂತ ನೋಡಿ ನಿರ್ಧರಿಸಿ.

ನೀವು ಕೇಳದೇ ಇರುವುದು ಇನ್ನೂ ದೊಡ್ಡದು. 99.9 ಬಂದರೂ ಕ್ಯಾಮೆರಾ ಮುಂದೆ ಮನುಷ್ಯನೇ ಇದ್ದಾನೆ ಅಂತ ಗೊತ್ತಾಗುವುದಿಲ್ಲ. ಇನ್ನೊಂದು ಫೋನಿನಲ್ಲಿ ಫೋಟೋ ಹಿಡಿದರೂ ಹೋಲಿಕೆ ಚೆನ್ನಾಗೇ ಬರುತ್ತದೆ. ಜೀವಂತ ಮುಖವೇ ಅಂತ ನೋಡಲು ಬೇರೆ ತಪಾಸಣೆ ಬೇಕು. ಅಮೆಜಾನ್ 2023ರಲ್ಲಿ ಫೇಸ್ ಲೈವ್‌ನೆಸ್ ಅಂತ ತಂದಿರುವುದು ಇದಕ್ಕೇ.

ಹೋಲಿಸುವ ಕೆಲಸ ಫೋನಿನಿಂದ ನೇರವಾಗಿ ಆಗಲೇಬಾರದು. ಎಡಬ್ಲ್ಯೂಎಸ್ ಕೀ (ಅಮೆಜಾನ್ ಸೇವೆ ಬಳಸಲು ನಿಮಗೆ ಕೊಟ್ಟ ಗುಟ್ಟಿನ ಸಂಕೇತ) ಆ್ಯಪ್‌ನಲ್ಲಿಟ್ಟರೆ ಎಪಿಕೆ, ಅಂದರೆ ಆಂಡ್ರಾಯ್ಡ್ ಆ್ಯಪ್‌ನ ಫೈಲ್, ಬಿಚ್ಚಿ ಯಾರು ಬೇಕಾದರೂ ತೆಗೆಯಬಹುದು, ಬಿಲ್ ನಿಮಗೆ ಬರುತ್ತದೆ. ಹಳೇ ಫೋಟೋನೂ ಫೋನಿನಿಂದಲೇ ಬಂದರೆ ಒಂದೇ ಫೋಟೋವನ್ನು ಎರಡು ಸಲ ಕಳಿಸಿ ಒಳಗೆ ಬರಬಹುದು. ಸೆಲ್ಫಿ ನಿಮ್ಮ ಸರ್ವರ್‌ಗೆ ಬರಲಿ, ಹಳೇ ಫೋಟೋ ಅಲ್ಲೇ ಇರಲಿ. ಜೆಪೆಗ್ ಅಥವಾ ಪಿಎನ್‌ಜಿ ಮಾತ್ರ ನಡೆಯುತ್ತದೆ, ಐಫೋನಿನ ಎಚ್‌ಇಐಸಿ ಮಾದರಿಯ ಫೋಟೋಗಳನ್ನು ಬದಲಾಯಿಸಿಕೊಳ್ಳಿ. ನೇರವಾಗಿ ಕಳಿಸುವ ಚಿತ್ರ 5 ಎಂಬಿ ಮೀರಬಾರದು.

ಮಿತಿ ಏರಿಸಿದಷ್ಟೂ ನಿಜವಾದ ಹುಡುಗನೇ ಹೊರಗೆ ಉಳಿಯುವುದು ಜಾಸ್ತಿ ಆಗುತ್ತದೆ. ಅವನ ಅವತ್ತಿನ ಸಂಪಾದನೆ ಆ ಲಾಗಿನ್ ಮೇಲೆ ನಿಂತಿದೆ. ಹೊಂದಲಿಲ್ಲ ಅಂದರೆ ಸುಮ್ನೆ ಅಕೌಂಟ್ ಮುಚ್ಚಬೇಡಿ. ಇನ್ನೊಂದು ಸೆಲ್ಫಿ ಕೇಳಿ, ಅದೂ ಆಗದಿದ್ದರೆ ಆಫೀಸಿನಲ್ಲಿ ಒಬ್ಬರು ಎರಡೂ ಫೋಟೋ ನೋಡಿ ತಕ್ಷಣ ಬಿಡುವ ಹಾಗೆ ಮಾಡಿ, ಫೋನ್ ಮಾಡಲು ಒಂದು ನಂಬರ್ ಕೊಡಿ. ಸೆಲ್ಫಿ ಯಾಕೆ ತೆಗೆಯುತ್ತೀರಿ, ಎಷ್ಟು ದಿನ ಇಡುತ್ತೀರಿ ಅಂತ ಮೊದಲೇ ಕನ್ನಡದಲ್ಲಿ ಹೇಳಿ ಒಪ್ಪಿಗೆ ಪಡೆಯಿರಿ, ಕೆಲಸ ಮುಗಿದ ಮೇಲೆ ಅಳಿಸಿ.