ನೆರವಿನ ಯೋಜನೆಯಲ್ಲಿ ಯಾರೂ ಓದದ ಕಾಲಂ

ಬೇರೆ ದೇಶಗಳಿಗೆ ನೆರವು ಕೊಡುವ ಸರ್ಕಾರಿ ಸಂಸ್ಥೆಯೊಂದರ ಐದು ವರ್ಷದ ಯೋಜನೆ ಕೈಗೆ ಬಂದರೆ ಹೆಚ್ಚಿನವರು ಮೊದಲು ನೋಡುವುದು ಗುರಿಗಳನ್ನು, ಆಮೇಲೆ ಹಣದ ಮೊತ್ತವನ್ನು. ನಾನು ಹಿಂದಿನಿಂದ ಶುರು ಮಾಡುತ್ತೇನೆ. ಕೊನೆಯ ಅನುಬಂಧಗಳಲ್ಲಿ ಒಂದು ಕೋಷ್ಟಕ ಇರುತ್ತದೆ. ಅದರ ಬಲತುದಿಯ ಕಾಲಂನ ತಲೆಯ ಮೇಲೆ ‘ಊಹೆಗಳು’ ಎಂದು ಬರೆದಿರುತ್ತಾರೆ. ಯೋಜನೆ ಗಟ್ಟಿಯೋ ಜೊಳ್ಳೋ ಎನ್ನುವುದು ಅಲ್ಲೇ ಗೊತ್ತಾಗಿಬಿಡುತ್ತದೆ.

ಈ ಕೋಷ್ಟಕಕ್ಕೆ ಲಾಗ್‌ಫ್ರೇಮ್ ಅಂತ ಹೆಸರು. 1969ರ ಸುಮಾರಿಗೆ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್‌ಗಾಗಿ ಇದನ್ನು ರೂಪಿಸಿದರು. 1980ರ ದಶಕದಲ್ಲಿ ಜರ್ಮನಿಯ ನೆರವು ಸಂಸ್ಥೆ ಜಿಟಿಝಡ್ ಇದಕ್ಕೆ ತನ್ನದೇ ರೂಪ ಕೊಟ್ಟಿತು. ಆಮೇಲೆ ನೆರವು ಕೊಡುವ ದೇಶಗಳಲ್ಲೆಲ್ಲ ಹಬ್ಬಿತು. ನಾಲ್ಕು ಸಾಲು, ನಾಲ್ಕು ಕಾಲಂ. ಕೆಳಗಿನ ಸಾಲಿನಲ್ಲಿ ನಾವು ಮಾಡುವ ಕೆಲಸ. ಅದರ ಮೇಲೆ ಅದರಿಂದ ಕೈಗೆ ಸಿಗುವುದು. ಇನ್ನೂ ಮೇಲೆ ಜನರ ಬದುಕಿನಲ್ಲಿ ಆಗುವ ಬದಲಾವಣೆ. ಎಲ್ಲಕ್ಕಿಂತ ಮೇಲೆ ದೊಡ್ಡ ಗುರಿ. ಮೊದಲ ಕಾಲಂನಲ್ಲಿ ವಿವರ, ಎರಡನೆಯದರಲ್ಲಿ ಅಳೆಯುವ ಸೂಚಕ, ಮೂರನೆಯದರಲ್ಲಿ ಆ ಅಂಕಿ ಎಲ್ಲಿಂದ ಸಿಗುತ್ತದೆ ಎನ್ನುವುದು, ನಾಲ್ಕನೆಯದರಲ್ಲಿ ಊಹೆ.

ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಒಂದು ಸಾಲಿನಿಂದ ಮೇಲಿನ ಸಾಲಿಗೆ ಹತ್ತುವಾಗ ನಾಲ್ಕನೇ ಕಾಲಂ ಮುಟ್ಟಿಯೇ ಹೋಗಬೇಕು. ತಾಯಂದಿರ ಸಾವು ಕಡಿಮೆ ಮಾಡುವ ಯೋಜನೆ ಅಂದುಕೊಳ್ಳಿ. ನರ್ಸ್‌ಗಳಿಗೆ ಹೆರಿಗೆ ಮಾಡಿಸುವ ತರಬೇತಿ ಕೊಡುತ್ತೇವೆ. ಅವರು ತರಬೇತಿ ಮುಗಿಸಿ ಹಳ್ಳಿಗೆ ವಾಪಸ್ ಹೋದರೆ, ಅಲ್ಲಿನ ಸರ್ಕಾರ ಸಂಬಳ ಕೊಟ್ಟರೆ, ಔಷಧಿ ಸಮಯಕ್ಕೆ ತಲುಪಿದರೆ, ರಾತ್ರಿ ಹೊತ್ತು ಗರ್ಭಿಣಿಯನ್ನು ಕರೆತರಲು ವಾಹನ ಸಿಕ್ಕರೆ, ಆಗ ಮಾತ್ರ ಸಾವು ಕಡಿಮೆಯಾಗುತ್ತದೆ. ನಮ್ಮ ಕೈಯಲ್ಲಿರುವುದು ತರಬೇತಿ ಒಂದೇ. ಉಳಿದ ಅಷ್ಟೂ ‘ರೆ’ಗಳು ಬೇರೆಯವರ ಕೈಯಲ್ಲಿವೆ. ಅವೇ ನಾಲ್ಕನೇ ಕಾಲಂನ ಊಹೆಗಳು. ಆದರೆ ವರ್ಷದ ಕೊನೆಗೆ ವರದಿಯಲ್ಲಿ ಬರುವುದು ಎಷ್ಟು ನರ್ಸ್‌ಗಳಿಗೆ ತರಬೇತಿಯಾಯಿತು ಎನ್ನುವ ಲೆಕ್ಕ!

ಸೂಚಕಗಳ ಮೇಲೆ ವಾರಗಟ್ಟಲೆ ಜಗಳ ನಡೆಯುತ್ತದೆ. ಊಹೆಗಳನ್ನು ತುಂಬುವುದು ಮಾತ್ರ ಕೊನೆಯ ಸಂಜೆ, ಕಡತ ಮೇಲಕ್ಕೆ ಹೋಗುವ ಮೊದಲು. ಅಲ್ಲಿ ಸಿಗುವ ಸಾಲುಗಳು ಎಲ್ಲ ದೇಶಕ್ಕೂ ಒಂದೇ: ‘ರಾಜಕೀಯ ಸ್ಥಿರತೆ ಮುಂದುವರಿಯುತ್ತದೆ’, ‘ಸರ್ಕಾರದ ಬದ್ಧತೆ ಇರುತ್ತದೆ’. ಇವುಗಳಿಂದ ಯಾರಿಗೇನು ಉಪಯೋಗ?

ಇದಕ್ಕೆ ಸೋಮಾರಿತನ ಕಾರಣ ಅನ್ನಲಾರೆ. ‘ಸ್ಥಳೀಯ ಸರ್ಕಾರ ನರ್ಸ್‌ಗಳ ಸಂಬಳ ಬಾಕಿ ಇಟ್ಟುಕೊಳ್ಳುವ ಸಾಧ್ಯತೆ ಜಾಸ್ತಿ’ ಎಂದು ಒಬ್ಬ ಅಧಿಕಾರಿ ನಿಜ ಬರೆದರು ಅನ್ನಿ. ರಾಯಭಾರಿಗೆ ಇರಿಸುಮುರಿಸು. ಆ ದೇಶದ ಹಣಕಾಸು ಸಚಿವಾಲಯಕ್ಕೆ ಅವಮಾನ. ಕೇಂದ್ರ ಕಚೇರಿಯವರು ‘ಹಾಗಿದ್ದರೆ ಹಣ ಯಾಕೆ ಕೊಡಬೇಕು’ ಅಂತ ಕೇಳುತ್ತಾರೆ. ಅದು ಸರಿಯಾದ ಪ್ರಶ್ನೆಯೇ. ಆದರೆ ಅದಕ್ಕೆ ಉತ್ತರ ಹುಡುಕುವುದಕ್ಕಿಂತ ಆ ಸಾಲನ್ನು ಅಳಿಸುವುದು ಸುಲಭ, ಅಲ್ವಾ? ಇನ್ನೊಂದು ಕಾರಣವೂ ಇದೆ. ತೆರಿಗೆ ಕಟ್ಟುವವರು ಒಂದು ದೇಶದಲ್ಲಿ, ನೆರವು ಪಡೆಯುವವರು ಇನ್ನೊಂದು ದೇಶದಲ್ಲಿ. ಊಹೆ ಸುಳ್ಳಾದರೆ ನೋವು ಯಾರಿಗೋ ಅವರಿಗೆ ಕೊಡುವ ದೇಶದಲ್ಲಿ ಮತವಿಲ್ಲ.

ಒಳ್ಳೆಯ ಊಹೆಯನ್ನು ಗುರುತಿಸಲು ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಅದು ಸುಳ್ಳಾಗಿದೆ ಎಂದು ಯಾವ ತಿಂಗಳಲ್ಲಿ, ಯಾರಿಗೆ ಮೊದಲು ಗೊತ್ತಾಗುತ್ತದೆ? ಗೊತ್ತಾದ ದಿನ ನಾವು ಏನನ್ನು ನಿಲ್ಲಿಸುತ್ತೇವೆ? ‘ಮುಂದಿನ ಬಜೆಟ್‌ನಲ್ಲಿ ಇಷ್ಟು ನರ್ಸ್ ಹುದ್ದೆಗಳಿಗೆ ಹಣ ಇಡುತ್ತಾರೆ’ ಎನ್ನುವುದನ್ನು ಬಜೆಟ್ ಪುಸ್ತಕ ತೆಗೆದು ನೋಡಬಹುದು. ‘ಬದ್ಧತೆ’ಯನ್ನು ಯಾವ ಪುಸ್ತಕದಲ್ಲಿ ನೋಡುವುದು? ನಿಜವಾಗುವ ಸಾಧ್ಯತೆ ತೀರಾ ಕಡಿಮೆ, ಆದರೆ ಅದಿಲ್ಲದೆ ಕೆಲಸ ನಡೆಯುವುದೇ ಇಲ್ಲ ಎನ್ನುವಂಥ ಊಹೆಗೆ ನಮ್ಮ ವೃತ್ತಿಯಲ್ಲಿ ‘ಕೊಲ್ಲುವ ಊಹೆ’ ಎನ್ನುತ್ತಾರೆ. ಅಂಥದ್ದು ಸಿಕ್ಕರೆ ಯೋಜನೆಯ ರೂಪವನ್ನೇ ಬದಲಿಸಬೇಕು, ಇಲ್ಲವೇ ಕೈಬಿಡಬೇಕು. ಕೈಬಿಟ್ಟದ್ದು ತುಂಬಾ ಅಪರೂಪ. ಹಣಕಾಸು ವರ್ಷ ಮುಗಿಯುವ ಹೊತ್ತಿಗೆ ಖರ್ಚಾಗದ ಹಣ ಇದ್ದರೆ ಮುಂದಿನ ವರ್ಷ ಕಡಿತದ ಭಯ ಇರುತ್ತದಲ್ಲ.

ಇಷ್ಟೂ ಪಡೆಯುವ ದೇಶದ ಬಗೆಗಿನ ಊಹೆಗಳಾದವು. ಕೊಡುವ ದೇಶದ ಬಗ್ಗೆ? ‘ನಮ್ಮ ಸಂಸತ್ತು ಐದು ವರ್ಷವೂ ಹಣ ಕೊಡುತ್ತದೆ’ ಎಂಬ ಸಾಲನ್ನು ನಾನು ಯಾವ ಲಾಗ್‌ಫ್ರೇಮ್‌ನಲ್ಲೂ ನೋಡಿಲ್ಲ. ಬರೆಯುವುದೇ ಬೇಡ ಅನ್ನುವಷ್ಟು ಗಟ್ಟಿಯಾಗಿ ಎಲ್ಲರೂ ನಂಬಿದ್ದರು. ಬ್ರಿಟನ್ ರಾಷ್ಟ್ರೀಯ ಆದಾಯದ 0.7% ಅನ್ನು ನೆರವಿಗೆ ಕೊಡಬೇಕೆಂದು 2015ರಲ್ಲಿ ಕಾನೂನನ್ನೇ ಮಾಡಿತು. ಗುರಿ ತಪ್ಪಿದರೆ ಸಂಸತ್ತಿಗೆ ಕಾರಣ ವಿವರಿಸಬೇಕು ಎಂದೂ ಅದೇ ಕಾನೂನಿನಲ್ಲಿತ್ತು. 2021ರಲ್ಲಿ ಅದು 0.5%ಗೆ ಇಳಿಯಿತು. 2027ರ ಹೊತ್ತಿಗೆ 0.3%ಗೆ ಇಳಿಸುವುದಾಗಿ 2025ರ ಫೆಬ್ರವರಿಯಲ್ಲಿ ಸರ್ಕಾರ ಹೇಳಿತು. ಅಮೆರಿಕದಲ್ಲಿ ಆದದ್ದು ಇನ್ನೂ ವೇಗವಾಗಿ. 2025ರ ಜನವರಿ 20ರಂದು ನೆರವಿಗೆ 90 ದಿನಗಳ ತಡೆ. ಮಾರ್ಚ್‌ನಲ್ಲಿ ಯುಎಸ್‌ಏಡ್‌ನ 83% ಕಾರ್ಯಕ್ರಮಗಳು ರದ್ದು ಎಂದು ವಿದೇಶಾಂಗ ಸಚಿವ ಮಾರ್ಕೊ ರುಬಿಯೊ ಪ್ರಕಟಿಸಿದರು. ಜುಲೈ 1ಕ್ಕೆ ಉಳಿದ ಕೆಲಸ ವಿದೇಶಾಂಗ ಇಲಾಖೆಯ ಪಾಲಾಯಿತು. 1961ರಲ್ಲಿ ಹುಟ್ಟಿದ ಸಂಸ್ಥೆ ಅದು. ಐದು ವರ್ಷದ ಯೋಜನೆ ಬರೆಯುವುದನ್ನು ಎಷ್ಟೋ ದೇಶಗಳವರು ಕಲಿತದ್ದು ಅವರಿಂದಲೇ.

ಹಾಗಾಗಿ ಈಗ ಯೋಜನೆ ಪರಿಶೀಲಿಸುವಾಗ ಪ್ರತಿ ಕೆಲಸದ ಎದುರಿಗೂ ಒಂದು ವಿಷಯ ಬರೆಸುತ್ತೇನೆ. ಆರು ತಿಂಗಳ ನೋಟಿಸ್‌ನಲ್ಲಿ ಹಣ ನಿಂತರೆ ಏನು ಉಳಿಯುತ್ತದೆ? ಕಟ್ಟಿ ಮುಗಿಸಿದ ಸೇತುವೆ ಉಳಿಯುತ್ತದೆ. ಅರ್ಧ ಕಟ್ಟಿದ್ದು ಹೊರೆ. ಎಚ್‌ಐವಿ ಔಷಧಿಯನ್ನು ದಿನವೂ ತೆಗೆದುಕೊಳ್ಳಬೇಕು, ಜೀವಮಾನವಿಡೀ. ಅದಕ್ಕೆ ಹಣ ಕೊಡಲು ಒಪ್ಪಿಕೊಂಡವರು, ಯಾವ ವರ್ಷದಿಂದ ಎಷ್ಟು ಪಾಲು ಆ ದೇಶದ ಬಜೆಟ್‌ಗೆ ಹೋಗುತ್ತದೆ ಎಂದು ಮೊದಲ ಒಪ್ಪಂದದಲ್ಲೇ ಬರೆಯಬೇಕು. ಬರೆಯಲು ಆಗದಿದ್ದರೆ ಕೆಲಸ ಬೇಡ ಎನ್ನುವುದಿಲ್ಲ. ಜನ ಬದುಕಬೇಕಲ್ಲ. ಆದರೆ ಆಗ ಅದನ್ನು ಐದು ವರ್ಷದ ಯೋಜನೆ ಎಂದು ಕರೆಯುವುದು ಬೇಡ. ಹತ್ತು, ಇಪ್ಪತ್ತು ವರ್ಷದ ಹೊಣೆ ಎಂದು ಸಂಸತ್ತಿನ ಮುಂದೆ ನೇರವಾಗಿ ಇಡಿ, ಮತ ಹಾಕಲಿ.

ಇನ್ನೊಂದು ಸಣ್ಣ ಬದಲಾವಣೆಯಿಂದ ಜಾಸ್ತಿ ಉಪಯೋಗ ಆಗಿದೆ. ಯೋಜನೆ ಬರೆದ ತಂಡಕ್ಕೆ ನಾಲ್ಕನೇ ಕಾಲಂ ಕೊಡಬಾರದು. ತಮ್ಮ ಕೂಸಿನ ಕೊರತೆ ಯಾರಿಗೂ ಕಾಣುವುದಿಲ್ಲ. ನಮ್ಮ ಕಡೆಯ ಲೆಕ್ಕಪತ್ರದ ಅಧಿಕಾರಿ ಮತ್ತು ಆ ದೇಶದ ಬಜೆಟ್ ವಿಭಾಗದ ಒಬ್ಬರನ್ನು ಒಟ್ಟಿಗೆ ಕೂರಿಸಿ ಬರೆಸಿ. ಅವರಿಬ್ಬರೂ ಸಾಮಾನ್ಯವಾಗಿ ಬೇಗ ಒಪ್ಪಿಕೊಳ್ಳುತ್ತಾರೆ, ಬಾಕಿ ಸಂಬಳದ ಪಟ್ಟಿ ಇಬ್ಬರ ಹತ್ತಿರವೂ ಇರುತ್ತದೆ. ವಾರ್ಷಿಕ ಪರಿಶೀಲನೆ ಸಭೆಯಲ್ಲೂ ಆ ಕಾಲಂ ಮೊದಲು ಬರಲಿ, ಸೂಚಕಗಳು ಊಟದ ನಂತರ.