ವೆಬ್‌ಸೈಟ್ ಮಾಡಿ ಆರು ತಿಂಗ್ಳಾಯ್ತು, ಗೂಗಲ್‌ನಲ್ಲಿ ನಮ್ ಹೋಮ್‌ಸ್ಟೇ ಯಾಕ್ ಬರ್ತಿಲ್ಲ?

ಪ್ರಶ್ನೆ: ಅಕ್ಕ ನಮಸ್ತೆ, ಕಕ್ಕಬ್ಬೆ ಹತ್ರ ನಮ್ದೊಂದು ಮೂರು ರೂಮಿನ ಹೋಮ್‌ಸ್ಟೇ ಇದೆ. ನಾನೇ ವಿಡಿಯೋ ನೋಡ್ಕೊಂಡು ಎಸ್‌ಇಒ, ಅಂದ್ರೆ ಗೂಗಲ್ ಹುಡುಕಾಟದಲ್ಲಿ ಸೈಟು ಮೇಲೆ ಬರೋ ಹಾಗೆ ಮಾಡೋ ಕೆಲಸ, ಕಲಿತು ವೆಬ್‌ಸೈಟ್ ಮಾಡಿ ಆರು ತಿಂಗ್ಳಾಯ್ತು, ಕೀವರ್ಡ್, ಅಂದ್ರೆ ಜನ ಹುಡುಕೋವಾಗ ಟೈಪ್ ಮಾಡೋ ಪದಗಳು, ಎಲ್ಲಾ ಹಾಕಿದೀನಿ, ಆದ್ರೂ ಗೂಗಲ್‌ನಲ್ಲಿ ಎಷ್ಟು ಕೆಳಗೆ ಹೋದ್ರೂ ನಮ್ಮ ಹೆಸ್ರು ಕಾಣಲ್ಲ. ಒಬ್ರು ಇಪ್ಪತ್ತೈದು ಸಾವಿರ ಕೊಟ್ರೆ ಒಂದು ತಿಂಗ್ಳಲ್ಲಿ ಫಸ್ಟ್ ಪೇಜಿಗೆ ತರ್ತೀನಿ ಅಂತಿದಾರೆ. ನಾನು ಎಲ್ಲಿ ತಪ್ಪು ಮಾಡ್ತಿದೀನಿ? ದುಡ್ಡು ಕೊಡ್ಲಾ?

ಉತ್ತರ: ಈ ಪ್ರಶ್ನೆ ಕೊಡಗಿನ ಎಲ್ಲಾ ಕಡೆಯಿಂದ ಬರುತ್ತೆ, ಸೋಮವಾರಪೇಟೆಯಿಂದ ಜೇನು ಮಾರೋರು, ಪೊನ್ನಂಪೇಟೆಯಿಂದ ಕರಿಮೆಣಸು ಮಾರೋರು, ಹೋಮ್‌ಸ್ಟೇಯವರಂತೂ ಸರಿಯೇ ಸರಿ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಮೊದಲು ಒಂದು ಚಿಕ್ಕ ಪರೀಕ್ಷೆ ಮಾಡಿ. ಗೂಗಲ್‌ನಲ್ಲಿ ಇಂಗ್ಲಿಷಲ್ಲಿ ಸೈಟ್ ಅಂತ ಬರೆದು, ಪಕ್ಕದಲ್ಲೇ ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವೆಬ್‌ಸೈಟ್ ವಿಳಾಸ ಟೈಪ್ ಮಾಡಿ ಹುಡುಕಿ. ನಿಮ್ಮ ಪೇಜುಗಳು ಬಂದ್ರೆ ಗೂಗಲ್ ಹತ್ರ ನಿಮ್ಮ ಸೈಟು ಇದೆ ಅಂತ ಅರ್ಥ. ಒಂದೂ ಬರ್ಲಿಲ್ಲ ಅಂದ್ರೆ ಬಹುಶಃ ಗೂಗಲ್‌ಗೆ ನಿಮ್ಮ ಸೈಟು ಇರೋದೇ ಗೊತ್ತಿಲ್ಲ, ಆಗ ಕೀವರ್ಡು ಗೀವರ್ಡು ಅಂತ ಏನು ಮಾಡಿದ್ರೂ ವ್ಯರ್ಥ. ಇದು ನನಗೇ ಆಗಿರೋದು. ನಮ್ಮ ಮನೆ ಕಾಫಿಪುಡಿಗೆ ಅಂತ ಸೈಟ್ ಮಾಡಿಸಿದ್ದೆ, ಮೂರು ತಿಂಗಳು ದಿನಾ ರಾತ್ರಿ ಕೂತು ಬರೆದೆ, ಒಂದೇ ಒಂದು ಆರ್ಡರ್ ಗೂಗಲ್ ಕಡೆಯಿಂದ ಬರ್ಲಿಲ್ಲ. ಕೊನೆಗೆ ನೋಡಿದ್ರೆ ಸೈಟ್ ಕಟ್ಟೋಕೆ ಬಳಸಿದ್ದ ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅನ್ನೋ ಜಾಗದಲ್ಲಿ, ಸರ್ಚ್ ಇಂಜಿನ್‌ಗಳು ಈ ಸೈಟನ್ನ ಇಂಡೆಕ್ಸ್ ಮಾಡೋದು, ಅಂದ್ರೆ ತಮ್ಮ ಪಟ್ಟಿಗೆ ಸೇರಿಸ್ಕೊಳ್ಳೋದು, ಬೇಡ ಅನ್ನೋ ಚೌಕಕ್ಕೆ ಟಿಕ್ ಹಾಗೇ ಇತ್ತು. ಸೈಟ್ ಕಟ್ಟೋವಾಗ ಹಾಕ್ಕೊಂಡಿದ್ದು, ಮಾಡಿಕೊಟ್ಟೋರು ತೆಗೆಯೋಕೆ ಮರೆತಿದ್ರು. ಆ ಮೂರು ತಿಂಗಳು ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ನೀವು ಈಗ್ಲೇ ಹೋಗಿ ಆ ಟಿಕ್ ನೋಡಿ.

ಹಾಗೇ ಗೂಗಲ್ ಸರ್ಚ್ ಕನ್ಸೋಲ್ ಅಂತ ಇದೆ, ಪೂರ್ತಿ ಫ್ರೀ, ಅದರಲ್ಲಿ ಸೈಟು ನಿಮ್ದೇ ಅಂತ ವೆರಿಫೈ ಮಾಡಿ ಸೈಟ್‌ಮ್ಯಾಪ್, ಅಂದ್ರೆ ಸೈಟಿನ ಪೇಜುಗಳ ಪಟ್ಟಿ, ಕೊಡಿ. ಯಾವ ಪೇಜು ಇಂಡೆಕ್ಸ್ ಆಗಿದೆ, ಯಾವುದು ಆಗಿಲ್ಲ, ಯಾಕೆ ಆಗಿಲ್ಲ ಅಂತ ಗೂಗಲ್ಲೇ ಹೇಳುತ್ತೆ. ಶುರು ಮಾಡೋರು ಬೇರೆ ಹತ್ತು ಟೂಲ್ ಹಾಕ್ಕೊಂಡಿರ್ತಾರೆ, ಇದೊಂದನ್ನ ಬಿಟ್ಟಿರ್ತಾರೆ.

ಸರಿ, ಸೈಟು ಇಂಡೆಕ್ಸ್ ಆಗಿದೆ ಅಂತಿಟ್ಕೊಳ್ಳಿ. ಈಗ ದೊಡ್ಡ ತಪ್ಪಿಗೆ ಬರೋಣ.

ನೀವು ಹಿಡ್ಕೊಂಡಿರೋ ಕೀವರ್ಡ್ ಯಾವುದು ಅಂತ ನಾನು ಕೇಳ್ಬೇಕಾಗೇ ಇಲ್ಲ, ಬೆಸ್ಟ್ ಹೋಮ್‌ಸ್ಟೇ ಇನ್ ಕೂರ್ಗ್, ಅಲ್ವಾ? ಆ ಪದ ಹುಡುಕಿ ನೋಡಿ, ಮೇಲೆ ಜಾಹೀರಾತು, ಆಮೇಲೆ ಮ್ಯಾಪು, ಆಮೇಲೆ ನೂರಾರು ಹೋಮ್‌ಸ್ಟೇ ಪಟ್ಟಿ ಮಾಡಿರೋ ದೊಡ್ಡ ದೊಡ್ಡ ಬುಕಿಂಗ್ ಕಂಪನಿಗಳು. ಮೂರು ರೂಮಿನ ನೀವು ಅಲ್ಲಿ ಹೋಗಿ ನಿಲ್ಲೋಕೆ ನೋಡ್ತಿದೀರ. ಆ ಜಾಗ ಬಿಟ್ಟುಬಿಡಿ ಅಂತೀನಿ ನಾನು, ಯಾಕಂದ್ರೆ ಆ ಕಂಪನಿಗಳಿಗೆ ಗೊತ್ತಿಲ್ಲದೇ ಇರೋದು ನಿಮಗೆ ರಾಶಿ ಗೊತ್ತಿದೆ, ಅದನ್ನ ಹುಡುಕ್ತಿರೋ ಜನಾನೂ ಇದಾರೆ.

ಹೇಗೆ ಅಂತ ಹೇಳ್ತೀನಿ. ಗೆಸ್ಟುಗಳು ಬುಕ್ ಮಾಡೋಕೆ ಮುಂಚೆ ಫೋನ್ ಮಾಡ್ತಾರಲ್ಲ, ಅವ್ರು ಏನೇನು ಕೇಳ್ತಾರೆ ಅಂತ ಒಂದು ನೋಟ್‌ಬುಕ್ಕಲ್ಲಿ ಹದಿನೈದು ದಿನ ಬರೆದಿಡಿ, ಅವ್ರ ಮಾತಲ್ಲೇ. ಚಿಕ್ಕ ಕಾರು ನಿಮ್ಮ ಗೇಟ್ ತನಕ ಬರುತ್ತಾ, ಕೆಳಗೆ ನಿಲ್ಲಿಸಿ ಜೀಪಲ್ಲಿ ಬರ್ಬೇಕಾ? ಜುಲೈನಲ್ಲಿ ಬಂದ್ರೆ ಜಿಗಣೆ ಇರುತ್ತಾ? ಕರೆಂಟ್ ಹೋದ್ರೆ ಏನ್ ಗತಿ, ಯಾವ ಸಿಮ್ಮು ಸಿಗುತ್ತೆ, ಮನೇಲಿ ಕೂತು ಆಫೀಸ್ ಕೆಲಸ ಮಾಡ್ಬೋದಾ? ವಯಸ್ಸಾದ ಅಮ್ಮನ್ನ ಕರ್ಕೊಂಡು ಬರ್ತೀವಿ, ಮೆಟ್ಟಿಲು ಎಷ್ಟಿದೆ? ಪಂದಿಕರಿ ಮಾಡ್ಕೊಡ್ತೀರಾ, ಪೂರ್ತಿ ವೆಜ್ ಊಟ ಬೇಕಂದ್ರೆ ಆಗುತ್ತಾ? ತಡಿಯಂಡಮೋಳ್ ಬೆಟ್ಟ ಹತ್ತೋಕೆ ಎಷ್ಟೊತ್ತಿಗೆ ಹೊರಡ್ಬೇಕು? ಇವೇ ನಿಮ್ಮ ಕೀವರ್ಡುಗಳು. ಫೋನಲ್ಲಿ ಕೇಳೋರು ಹತ್ತು ಜನ ಇದ್ರೆ, ಅದೇ ಪ್ರಶ್ನೇನ ಗೂಗಲ್‌ಗೆ ಟೈಪ್ ಮಾಡಿ ಸರಿಯಾದ ಉತ್ತರ ಸಿಗದೆ ಬೇರೆ ಕಡೆ ಹೋದೋರು ಇನ್ನೂ ಎಷ್ಟೋ ಜನ.

ಒಂದು ಉದಾಹರಣೆ ಬಿಡಿಸಿ ತೋರಿಸ್ತೀನಿ. ಕಾಫಿ ಹೂವು ನೋಡೋಕೆ ಯಾವಾಗ ಬರ್ಬೇಕು ಅಂತ ಬೆಂಗಳೂರಿನೋರು ಕೇಳ್ತಾನೇ ಇರ್ತಾರೆ. ಎಲ್ಲಾ ಕಡೆ ಮಾರ್ಚಿಂದ ಏಪ್ರಿಲ್ ಅಂತ ಒಂದು ಸಾಲು ಬರೆದು ಕೈ ತೊಳ್ಕೊಂಡಿರ್ತಾರೆ. ನಿಮಗೆ ಗೊತ್ತಿರೋದು ಅಷ್ಟೇನಾ? ಹೂಮಳೆ ಬೀಳದೆ ಹೂವಿಲ್ಲ, ಮಳೆ ಸರಿಯಾಗಿ ಬಿದ್ದು ಒಂದು ವಾರ ಹತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗಾಗುತ್ತೆ, ಆ ಬಿಳುಪು ಇರೋದು ಮೂರ್ನಾಲ್ಕು ದಿನ ಅಷ್ಟೇ, ರೋಬಸ್ಟಾ ತೋಟದವರು ಸ್ಪ್ರಿಂಕ್ಲರ್ ಹಾಕಿದ್ರೆ ಮಳೆಗಿಂತ ಮುಂಚೇನೇ ಹೂ ಬಂದಿರುತ್ತೆ, ಪಕ್ಕದ ಊರಲ್ಲಿ ಮಳೆ ಬಿದ್ದು ನಮ್ಮಲ್ಲಿ ಬೀಳದೆ ಹೋದ್ರೆ ಅಲ್ಲಿ ಹೂವು ಇಲ್ಲಿ ಮೊಗ್ಗು. ಇದನ್ನೆಲ್ಲಾ ನೀವು ಅಂಗಳದಲ್ಲಿ ನಿಂತು ಹೇಳ್ದಂಗೆ ಬರೆದು, ನಿಮ್ಮ ತೋಟದ್ದೇ ನಾಲ್ಕು ಫೋಟೋ ತಾರೀಕಿನ ಸಮೇತ ಹಾಕಿ, ಈ ವರ್ಷ ನಮ್ಮಲ್ಲಿ ಮಳೆ ಯಾವತ್ತು ಬಿತ್ತು ಹೂವು ಯಾವತ್ತು ಅರಳ್ತು ಅಂತ ಪ್ರತಿ ವರ್ಷ ಎರಡು ಸಾಲು ಸೇರಿಸ್ತಾ ಹೋಗಿ. ಆ ಪೇಜನ್ನ ಊರಿಗೇ ಬರದೆ ಬರೆದೋರು ಬರೆಯೋಕೆ ಸಾಧ್ಯಾನೇ ಇಲ್ಲ.

ಪದದ ವಿಷ್ಯದಲ್ಲಿ ಇನ್ನೊಂದು. ನಾವು ಕೊಡಗು ಅಂತೀವಿ, ಹೊರಗಿನೋರು ಹುಡುಕೋವಾಗ ಕೂರ್ಗ್ ಅಂತ ಹೊಡೀತಾರೆ. ನನಗೂ ಕೊಡಗು ಅನ್ನೋದೇ ಇಷ್ಟ, ಆದ್ರೆ ಇಂಗ್ಲಿಷ್ ಪೇಜಲ್ಲಿ ಎರಡೂ ಹೆಸ್ರು ಬರ್ಲಿ, ಜೊತೆಗೆ ಕಕ್ಕಬ್ಬೆ, ನಾಲ್ಕುನಾಡು ಅರಮನೆ, ವಿರಾಜಪೇಟೆ ಅಂತ ಹತ್ತಿರದ ಹೆಸ್ರುಗಳೂ ಸಹಜವಾಗಿ ಬರ್ಲಿ. ಮತ್ತೆ ಕನ್ನಡದಲ್ಲಿ ಒಂದು ಪೇಜು ಇಡಿ ದಯವಿಟ್ಟು. ಹಾಸನ, ಮಂಡ್ಯ, ದಾವಣಗೆರೆ ಕಡೆಯಿಂದ ಫ್ಯಾಮಿಲಿ ಕರ್ಕೊಂಡು ಬರೋರು ಮೊಬೈಲಲ್ಲಿ ಕನ್ನಡದಲ್ಲೇ ಹುಡುಕ್ತಾರೆ, ಬಾಯಲ್ಲಿ ಹೇಳಿ ಹುಡುಕ್ತಾರೆ, ಅವರಿಗೆ ಒಳ್ಳೇ ಉತ್ತರ ಕೊಡೋ ಪೇಜುಗಳು ತುಂಬಾ ಕಮ್ಮಿ. ಮೆಷಿನ್ ಟ್ರಾನ್ಸ್‌ಲೇಟ್ ಮಾಡಿ ಅಂಟಿಸ್ಬೇಡಿ, ಕೂತು ಬರೀರಿ.

ಈಗ ನೀವು ಕೀವರ್ಡ್ ಎಲ್ಲಾ ಹಾಕಿದೀನಿ ಅಂದ್ರಲ್ಲ, ಅಲ್ಲಿ ಭಯ ಆಗುತ್ತೆ ನನಗೆ. ಪೇಜಿನ ಕೋಡ್ ಒಳಗೆ, ಓದೋರಿಗೆ ಕಾಣದ ಮೆಟಾ ಕೀವರ್ಡ್ಸ್ ಅನ್ನೋ ಜಾಗದಲ್ಲಿ ಐವತ್ತು ಪದ ತುಂಬಿದ್ರೆ ಅದು ದಂಡ, ಗೂಗಲ್ ವೆಬ್ ಸರ್ಚ್ ರ್‍ಯಾಂಕಿಂಗ್‌ಗೆ ಅದನ್ನ ಬಳಸಲ್ಲ ಅಂತ 2009ರಲ್ಲೇ ಅವ್ರೇ ಹೇಳಿಬಿಟ್ಟಿದಾರೆ, ಆದ್ರೂ ಇವತ್ತಿಗೂ ವಿಡಿಯೋಗಳಲ್ಲಿ ಕಲಿಸ್ತಿದಾರೆ. ಇನ್ನು ಪೇಜ್ ಒಳಗೆ ಸಾಲು ಸಾಲಿಗೂ ಬೆಸ್ಟ್ ಹೋಮ್‌ಸ್ಟೇ ಕೂರ್ಗ್ ಅಂತ ತುರುಕಿದ್ರೆ ಅದು ಗೂಗಲ್ ನಿಯಮದಲ್ಲಿ ಸ್ಪ್ಯಾಮು. ಗಮನ ಕೊಡ್ಬೇಕಾದ್ದು ಟೈಟಲ್‌ಗೆ, ಅಂದ್ರೆ ಗೂಗಲ್ ಫಲಿತಾಂಶದಲ್ಲಿ ಕಾಣೋ ಹೆಡಿಂಗ್‌ಗೆ. ಬೆಸ್ಟ್ ಹೋಮ್‌ಸ್ಟೇ ಕೂರ್ಗ್, ಚೀಪ್ ಹೋಮ್‌ಸ್ಟೇ ಕೂರ್ಗ್, ಹೋಮ್‌ಸ್ಟೇ ಮಡಿಕೇರಿ ಅಂತ ಗೀಟು ಹಾಕಿ ಹಾಕಿ ಬರೆದಿರೋ ಟೈಟಲ್ ಓದಿದ್ರೆ ನಿಮ್ಮ ಮನೆ ಬಗ್ಗೆ ಏನು ಗೊತ್ತಾಯ್ತು? ಅದೇ ಜಾಗದಲ್ಲಿ, ತಡಿಯಂಡಮೋಳ್ ಬುಡದಲ್ಲಿ ಮೂರು ರೂಮಿನ ತೋಟದ ಮನೆ, ಕಕ್ಕಬ್ಬೆ, ಕೂರ್ಗ್, ಅಂತ ಬರೀರಿ. ಒಂದೊಂದು ಪೇಜಿಗೆ ಒಂದೊಂದು ಬೇರೆ ಟೈಟಲ್ ಇರ್ಲಿ. ಟೈಟಲ್ ಕೆಳಗೆ ಕಾಣೋ ಡಿಸ್ಕ್ರಿಪ್ಶನ್ ರ್‍ಯಾಂಕ್ ಏರಿಸಲ್ಲ, ಆದ್ರೆ ಗೂಗಲ್ ಅದನ್ನ ತೋರಿಸಿದಾಗ ಓದಿ ಕ್ಲಿಕ್ ಮಾಡೋದು ಮನುಷ್ಯರು, ಅದಕ್ಕೆ ಎರಡು ನಿಮಿಷ ಕೊಡಿ.

ಅಬ್ಬಿ ಫಾಲ್ಸ್, ರಾಜಾಸೀಟ್, ದುಬಾರೆ, ತಲಕಾವೇರಿ ಬಗ್ಗೆ ಬೇರೆ ಕಡೆಯಿಂದ ಎತ್ತಿ ಹಾಕಿರೋ ಪೇಜುಗಳಿದ್ರೆ ತೆಗೀರಿ. ಊರಿಗೊಂದು ಪೇಜ್ ಮಾಡಿ ಹೆಸ್ರು ಮಾತ್ರ ಬದಲಾಯಿಸೋದೂ ಬೇಡ. ಎಐ ಹತ್ರ ಒಂದೇ ರಾತ್ರೀಲಿ ನಲವತ್ತು ಲೇಖನ ಬರೆಸೋರು ಈಗ ಜಾಸ್ತಿ ಆಗಿದಾರೆ. ಎಐ ಬಳಸಿದ್ದೇ ತಪ್ಪು ಅಂತ ಗೂಗಲ್ ಹೇಳಲ್ಲ, ಯಾರಿಗೂ ಉಪಯೋಗ ಇಲ್ಲದ ಪೇಜುಗಳನ್ನ ರ್‍ಯಾಂಕ್‌ಗೋಸ್ಕರ ರಾಶಿ ಹಾಕೋದು ಸ್ಪ್ಯಾಮ್ ಅಂತ 2024ರ ಮಾರ್ಚಲ್ಲಿ ನಿಯಮ ಬಿಗಿ ಮಾಡಿದ್ರು, ಯಂತ್ರ ಬರೆದ್ರೂ ಅಷ್ಟೇ ಮನುಷ್ಯ ಬರೆದ್ರೂ ಅಷ್ಟೇ.

ಲಿಂಕ್ ವಿಷ್ಯ. ಗೂಗಲ್ ಶುರುವಾಗಿದ್ದೇ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಇಬ್ರೂ ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿದ ಪೇಜ್‌ರ್‍ಯಾಂಕ್ ಅನ್ನೋ ಯೋಚನೆಯಿಂದ, ಬೇರೆಯವರು ನಿಮ್ಮ ಪೇಜಿಗೆ ಲಿಂಕ್ ಕೊಟ್ರೆ ಅದು ನಿಮ್ಮ ಪರ ಒಂದು ಸಾಕ್ಷಿ ಇದ್ದಂಗೆ. ಹಾಗಂತ ಸಾಕ್ಷಿ ಕೊಂಡ್ಕೊಳ್ಳೋಕೆ ಹೋದ್ರೆ? 2012ರಲ್ಲಿ ಇಂಥ ಲಿಂಕ್ ಹಿಡಿಯೋಕೆ ಗೂಗಲ್ ಪೆಂಗ್ವಿನ್ ಅನ್ನೋ ಅಪ್‌ಡೇಟ್ ತಂದಾಗ ದುಡ್ಡಿನ ಲಿಂಕ್ ಹಾಕ್ಕೊಂಡಿದ್ದ ಎಷ್ಟೋ ಸೈಟುಗಳು ಮಕಾಡೆ ಮಲಗಿದ್ವು, ಈಗಂತೂ ಅಂಥ ಲಿಂಕನ್ನ ಬಹುಪಾಲು ಲೆಕ್ಕಕ್ಕೇ ತಗೊಳ್ಳಲ್ಲ, ಕೊಟ್ಟ ದುಡ್ಡು ನೀರಿಗೆ. ಡೊಮೇನ್ ಅಥಾರಿಟಿ ಇಷ್ಟಕ್ಕೆ ಏರಿಸ್ತೀವಿ ಅಂತ ಯಾರಾದ್ರೂ ಬಂದ್ರೆ, ಅದು ಸೈಟು ಎಷ್ಟು ಮೇಲೆ ಬರ್ಬೋದು ಅಂತ ಅಂದಾಜು ಮಾಡೋಕೆ ಮೋಜ್ ಅನ್ನೋ ಕಂಪನಿ ಮಾಡ್ಕೊಂಡಿರೋ ಅಂಕಿ, ಗೂಗಲ್‌ದಲ್ಲ ಅನ್ನೋದು ಗೊತ್ತಿರ್ಲಿ. ನಿಮಗೆ ಬರೋ ನಿಜವಾದ ಲಿಂಕು ಅಂದ್ರೆ ನಿಮ್ಮಲ್ಲಿ ಉಳ್ಕೊಂಡ ಟ್ರೆಕ್ಕಿಂಗ್ ಗುಂಪಿನೋರು ಅವ್ರ ಸೈಟಲ್ಲಿ ಬರ್ಕೊಂಡಿದ್ದು, ನಿಮ್ಮ ಕಾಫಿ ತಗೊಂಡು ಹುರಿದು ಮಾರೋ ರೋಸ್ಟರು ಹಾಕಿದ್ದು, ಆ ಥರದ್ದು. ಕೇಳೋಕೆ ಸಂಕೋಚ ಬೇಡ.

ನಿಮ್ಮಂಥೋರಿಗೆ ವೆಬ್‌ಸೈಟಿಗಿಂತ ಮುಂಚೆ ಕೆಲಸಕ್ಕೆ ಬರೋದು ಮ್ಯಾಪು, ಅಂದ್ರೆ ಗೂಗಲ್ ಬಿಸಿನೆಸ್ ಪ್ರೊಫೈಲ್, 2021ರ ತನಕ ಗೂಗಲ್ ಮೈ ಬಿಸಿನೆಸ್ ಅಂತಿದ್ರು. ಹುಡುಕಿದ್ದಕ್ಕೆ ಎಷ್ಟು ಹೊಂದುತ್ತೆ, ಎಷ್ಟು ದೂರ ಇದೆ, ಎಷ್ಟು ಹೆಸ್ರುವಾಸಿ, ಈ ಮೂರನ್ನ ನೋಡಿ ತೋರಿಸ್ತೀವಿ ಅಂತ ಗೂಗಲ್ ಹೇಳುತ್ತೆ. ಇಲ್ಲಿ ಹೊಸಬರು ಹೋಮ್‌ಸ್ಟೇ ಹೆಸ್ರಿನ ಜೊತೆ ಬೆಸ್ಟ್ ಹೋಮ್‌ಸ್ಟೇ ಇನ್ ಕೂರ್ಗ್ ಅಂತ ಅಂಟಿಸ್ತಾರೆ, ಅದು ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಸಸ್ಪೆಂಡ್ ಆಗ್ಬೋದು, ಬೋರ್ಡಲ್ಲಿ ಇರೋ ಹೆಸ್ರೇ ಇರ್ಲಿ. ಒಳ್ಳೇ ರಿವ್ಯೂ ಹಾಕಿದ್ರೆ ಡಿಸ್ಕೌಂಟ್ ಅನ್ನೋದೂ ವಿರುದ್ಧವೇ. ಮತ್ತೆ ಮ್ಯಾಪಲ್ಲಿ ನಿಮ್ಮ ಜಾಗ ತೋರಿಸೋ ಪಿನ್! ನನ್ನ ಪರಿಚಯದ ಒಬ್ರ ಮನೆ ಪಿನ್ನು ತೋಟದ ಹಿಂದಿನ ಮಣ್ಣು ರಸ್ತೆ ಮೇಲೆ ಬಿದ್ದಿತ್ತು, ಮಳೆಗಾಲದ ರಾತ್ರಿ ಗೆಸ್ಟುಗಳು ಅಲ್ಲಿಗೆ ಹೋಗಿ ಕಾರು ಕೆಸರಲ್ಲಿ ಹೂತು, ಅದರ ಸಿಟ್ಟೆಲ್ಲಾ ರಿವ್ಯೂನಲ್ಲಿ ಬಂತು. ನಿಮ್ಮ ಪಿನ್ ಗೇಟ್ ಮೇಲೇ ಇದೆಯಾ ಅಂತ ಜೂಮ್ ಮಾಡಿ ನೋಡಿ.

ಫೋಟೋಗಳನ್ನ ಕ್ಯಾಮೆರಾದಿಂದ ಇಳಿಸಿದ ಹಾಗೇ ಆರು ಎಂಬಿ ಎಂಟು ಎಂಬಿ ಹಾಕ್ಬೇಡಿ, ಚಿಕ್ಕದು ಮಾಡಿ. ಪೇಜಿನ ಮುಖ್ಯ ಭಾಗ ಎರಡೂವರೆ ಸೆಕೆಂಡ್ ಒಳಗೆ ಕಾಣ್ಬೇಕು ಅನ್ನೋದು ಗೂಗಲ್ ಇಟ್ಟಿರೋ ಅಳತೆ, ಗೂಗಲ್ ಓದೋದೂ ನಿಮ್ಮ ಸೈಟಿನ ಮೊಬೈಲ್ ರೂಪವನ್ನೇ. ಒಂದ್ಸಲ ಘಾಟಿ ಹತ್ತೋವಾಗ ಬಸ್ಸಲ್ಲಿ ಕೂತು ನಿಮ್ಮ ಸೈಟ್ ತೆಗೆದು ನೋಡಿ, ಗೊತ್ತಾಗುತ್ತೆ.

ದಿನಾ ಬೆಳಗ್ಗೆ ನಿಮ್ಮ ಫೋನಲ್ಲೇ ಹುಡುಕಿ ಎಷ್ಟನೇ ನಂಬರ್ ಅಂತ ನೋಡೋದು ಬಿಡಿ. ನೀವು ಕಕ್ಕಬ್ಬೆಯಲ್ಲಿ ಕೂತು ಹುಡುಕಿದಾಗ ಕಾಣೋದೇ ಬೇರೆ, ಬೆಂಗಳೂರಿನ ಇಂದಿರಾನಗರದಲ್ಲಿ ಕೂತೋರಿಗೆ ಕಾಣೋದೇ ಬೇರೆ. ವಾರಕ್ಕೊಮ್ಮೆ ಸರ್ಚ್ ಕನ್ಸೋಲ್ ತೆಗೆದು, ಜನ ಏನು ಟೈಪ್ ಮಾಡಿದಾಗ ನಿಮ್ಮ ಪೇಜು ಕಂಡಿದೆ ಅಂತ ನೋಡಿ. ಕಂಡಿದೆ ಆದ್ರೆ ಕ್ಲಿಕ್ ಇಲ್ಲ ಅಂದ್ರೆ ಟೈಟಲ್ ಸರಿಮಾಡಿ. ನೀವು ಬರೆದೇ ಇಲ್ಲದ ಪ್ರಶ್ನೆ ಕಂಡ್ರೆ ಅದೇ ಮುಂದಿನ ಪೇಜು. ಜುಲೈನಲ್ಲಿ ಲೆಕ್ಕ ಬಿದ್ರೆ ಗೂಗಲ್ ಶಿಕ್ಷೆ ಕೊಡ್ತು ಅಂತ ಗಾಬರಿ ಆಗ್ಬೇಡಿ, ಮಳೆಗಾಲದಲ್ಲಿ ಹುಡುಕೋರೇ ಕಮ್ಮಿ, ಹೋದ ವರ್ಷದ ಜುಲೈ ಜೊತೆ ಹೋಲಿಸಿ, ಸರ್ಚ್ ಕನ್ಸೋಲಲ್ಲಿ 16 ತಿಂಗಳ ಲೆಕ್ಕ ಇರುತ್ತೆ. ಈಗ ಹೊಸದಾಗಿ ಸರಿಮಾಡಿದ್ರೂ ಫಲ ಕಾಣೋಕೆ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕಾಗ್ಬೋದು ಅಂತ ಗೂಗಲ್‌ನೋರೇ ಹೇಳಿದಾರೆ. ಕಾಫಿ ಗಿಡ ನೆಟ್ಟ ವರ್ಷವೇ ಕುಯ್ಲಿಗೆ ಚೀಲ ಹಿಡ್ಕೊಂಡು ಹೋಗಲ್ವಲ್ಲ ನಾವು.

ಇನ್ನು ಇಪ್ಪತ್ತೈದು ಸಾವಿರದ ಮಾತು. ಕೊಡ್ಬೇಡಿ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡೋಕಾಗಲ್ಲ ಅಂತ ಗೂಗಲ್ಲೇ ಬರೆದಿಟ್ಟಿದೆ, ಜಾಹೀರಾತು ಬಿಟ್ರೆ ದುಡ್ಡಿಗೆ ಮೇಲೆ ತರೋ ದಾರೀನೂ ಇಲ್ಲ. ಆ ಮನುಷ್ಯರು ಒಂದು ತಿಂಗಳಲ್ಲಿ ಫಸ್ಟ್ ಪೇಜಿಗೆ ತಂದೇ ತರ್ಬೋದು, ನಿಮ್ಮ ಹೋಮ್‌ಸ್ಟೇ ಹೆಸ್ರನ್ನೇ ಹುಡುಕಿ ತೋರಿಸಿ, ನೋಡಿ ಬಂತು ಅಂತಾರೆ, ನಿಮ್ಮ ಹೆಸ್ರು ಗೊತ್ತಿದ್ದು ಹುಡುಕೋರಿಗೆ ನೀವು ಹೇಗೂ ಸಿಕ್ತೀರ. ಒಳ್ಳೇ ಕೆಲಸ ಮಾಡೋರೂ ಇದಾರೆ, ಇಲ್ಲ ಅನ್ನಲ್ಲ, ಯಾವ ಪೇಜಲ್ಲಿ ಏನು ಬದಲಾಯಿಸ್ತೀರಿ, ಯಾಕೆ ಅಂತ ಕೇಳಿದ್ರೆ ಅವ್ರು ಬಿಡಿಸಿ ಹೇಳ್ತಾರೆ, ಸರ್ಚ್ ಕನ್ಸೋಲ್ ನಿಮ್ಮ ಹೆಸ್ರಲ್ಲೇ ಇಟ್ಕೊಂಡು ಅವ್ರಿಗೆ ನೋಡೋಕೆ ಮಾತ್ರ ಕೊಟ್ರೂ ಒಪ್ತಾರೆ. ಅದು ಮುಂದಿನ ಮಾತು. ನೀವು ಇವತ್ತು ರಾತ್ರಿ ಆ ಟಿಕ್ ನೋಡಿ, ನಾಳೆಯಿಂದ ಫೋನ್ ಪಕ್ಕ ಒಂದು ನೋಟ್‌ಬುಕ್ ಇಡಿ, ಹದಿನೈದು ದಿನ ಆದ್ಮೇಲೆ ಅದರ ಪುಟದ ಫೋಟೋ ನನಗೆ ಕಳಿಸಿ, ಯಾವ ಪ್ರಶ್ನೆಗೆ ಮೊದಲು ಪೇಜ್ ಬರೀಬೇಕು ಅಂತ ಕೂತು ನೋಡೋಣ.