ಎರಿ ಹೊಲದ ಮೇಲೆ ಲಾಗ ಹಾಕುವ ವಿಮಾನ

ರಿಮೋಟಿನಿಂದ ಹಾರಿಸುವ ಪುಟ್ಟ ವಿಮಾನ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೋಟಾರು ಎಷ್ಟು ದೊಡ್ಡದು, ಎಷ್ಟು ಜೋರಾಗಿ ಹೋಗುತ್ತದೆ ಎಂದು ಕೇಳುತ್ತಾರೆ. ಲಾಗ ಹಾಕುವ, ಬೆನ್ನು ಕೆಳಗಾಗಿ ಹಾರುವ, ಮೂತಿ ಮೇಲೆತ್ತಿ ಗಾಳಿಯಲ್ಲೇ ನಿಂತುಬಿಡುವ ಏರೋಬ್ಯಾಟಿಕ್ ವಿಮಾನ ಬೇಕಾದರೆ ಮೊದಲು ಕೇಳಬೇಕಾದ್ದು ಬೇರೆ: ಬ್ಯಾಟರಿ ಹಾಕಿದ ಮೇಲೆ ಅದರ ತೂಕ ಎಷ್ಟು? ಗ್ರಾಮಿನ ಲೆಕ್ಕದಲ್ಲಿ ಉತ್ತರ ಸಿಗದಿದ್ದರೆ ಆ ವಿಮಾನವನ್ನು ಬಿಟ್ಟುಬಿಡುವುದೇ ಒಳ್ಳೆಯದು.

ವಿಜಯಪುರದ ಸುತ್ತ ಈ ಲೆಕ್ಕ ಇನ್ನಷ್ಟು ಬಿಗಿ. ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಮೇ ತಿಂಗಳ ಮಧ್ಯಾಹ್ನ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಕಾದಂತೆ ಮತ್ತಷ್ಟು ತೆಳುವಾಗುತ್ತದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ ಇದ್ದಾಗ ಒಂದು ಘನ ಮೀಟರ್ ಗಾಳಿ 1.225 ಕಿಲೋ ತೂಗುತ್ತದೆ. ಇಲ್ಲಿ ಡಿಸೆಂಬರಿನ ನಸುಕಿನಲ್ಲಿ ಅದು ಸುಮಾರು 1.14 ಕಿಲೋ, ಮೇ ಮಧ್ಯಾಹ್ನ 1.05 ಕಿಲೋ. ಅಂದರೆ ಬೇಸಿಗೆಯಲ್ಲಿ ರೆಕ್ಕೆಗೂ ಪ್ರೊಪೆಲ್ಲರಿಗೂ ಸಿಗುವ ಗಾಳಿ ಸಮುದ್ರಮಟ್ಟಕ್ಕಿಂತ ಶೇ 14ರಷ್ಟು ಕಡಿಮೆ. ಪೆಟ್ರೋಲ್ ಎಂಜಿನ್ನಿನಂತೆ ವಿದ್ಯುತ್ ಮೋಟಾರು ತೆಳು ಗಾಳಿಯಲ್ಲಿ ಸೊರಗುವುದಿಲ್ಲ ನಿಜ. ಆದರೆ ಅದು ತಿರುಗಿಸುವ ಪ್ರೊಪೆಲ್ಲರಿಗೆ ಹಿಂದಕ್ಕೆ ತಳ್ಳಲು ಗಾಳಿಯೇ ಸಾಲದಾಗುತ್ತದೆ.

ಒಂದು ಉದಾಹರಣೆ ನೋಡೋಣ. ರೆಕ್ಕೆಯ ತುದಿಯಿಂದ ತುದಿಗೆ 80 ಸೆಂಟಿಮೀಟರ್, ಅಗಲ 25 ಸೆಂಟಿಮೀಟರ್. ಈ ಅಳತೆಯ ವಿಮಾನ 200 ಗ್ರಾಂ ಇದ್ದರೆ ಮೇ ತಿಂಗಳ ಗಾಳಿಯಲ್ಲಿ ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗದವರೆಗೂ ಬೀಳದೆ ಹಾರಬಲ್ಲದು. ಅದೇ ರೆಕ್ಕೆಯ ಮೇಲೆ 400 ಗ್ರಾಂ ಹೇರಿದರೆ ಕನಿಷ್ಠ ವೇಗ 23 ಕಿಲೋಮೀಟರಿಗೆ ಏರುತ್ತದೆ. ವ್ಯತ್ಯಾಸ ಸಣ್ಣದೆಂದು ಕಾಣಬಹುದು, ಆದರೆ ನೆಲಕ್ಕೆ ಬಡಿದಾಗಿನ ಶಕ್ತಿ ತೂಕಕ್ಕೂ ವೇಗದ ವರ್ಗಕ್ಕೂ ತಕ್ಕಂತೆ ಬೆಳೆಯುತ್ತದೆ. ತೂಕ ಎರಡು ಪಟ್ಟಾದರೆ ಆ ಕನಿಷ್ಠ ವೇಗದಲ್ಲೇ ಪೆಟ್ಟು ನಾಲ್ಕು ಪಟ್ಟು. ಕಲಿಯುವವರ ವಿಮಾನ ಬೀಳುವುದು ಖಚಿತ. 200 ಗ್ರಾಮಿನದು ಪುಟಿದು ಬೀಳುತ್ತದೆ, 400 ಗ್ರಾಮಿನದು ಮುರಿಯುತ್ತದೆ.

ಹಗುರಕ್ಕೂ ಒಂದು ಬೆಲೆಯಿದೆ, ಅದು ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣದಿಂದ ಬೀಸುವ ಮುಂಗಾರು ಗಾಳಿಗೆ ಈ ಬಯಲುಸೀಮೆಯಲ್ಲಿ ಅಡ್ಡ ಬರುವ ಬೆಟ್ಟವಿಲ್ಲ. 16 ಕಿಲೋಮೀಟರ್ ವೇಗದಲ್ಲಿ ತೇಲುವ ವಿಮಾನವನ್ನು 20 ಕಿಲೋಮೀಟರ್ ಗಾಳಿಗೆ ಎದುರು ಬಿಟ್ಟರೆ ಅದು ಹಿಂದಕ್ಕೆ ಹೋಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಬೆಳಗಿನ ಗಾಳಿ ತಣ್ಣಗಿದ್ದರೂ ಹತ್ತು ಗಂಟೆಯ ಹೊತ್ತಿಗೆ ಕಪ್ಪು ನೆಲ ಕಾದು ಬಿಸಿಗಾಳಿ ಕಂಬದಂತೆ ಮೇಲೇಳುತ್ತದೆ. ಹೊಲದಲ್ಲಿ ಕಸಕಡ್ಡಿ ಎತ್ತಿ ತಿರುಗಿಸುವ ಸುಂಟರಗಾಳಿ ಅದರ ಕಣ್ಣಿಗೆ ಕಾಣುವ ರೂಪ. ಹೀಗಾಗಿ ಹಗುರ ವಿಮಾನಕ್ಕೆ ಬೆಳಿಗ್ಗೆ ಆರೂವರೆಯಿಂದ ಎಂಟೂವರೆವರೆಗಿನ ಹೊತ್ತು ಮೀಸಲು. ಮುಂಗಾರಿನಲ್ಲೂ ಹಾರಿಸಲೇಬೇಕೆಂದರೆ ಒಂದು ಮೀಟರ್ ರೆಕ್ಕೆಯ, 500ರಿಂದ 700 ಗ್ರಾಮಿನ, ಇಪಿಒ ಎಂಬ ಗಟ್ಟಿ ಫೋಮಿನ ತುಂಬು ಮೈಯ ವಿಮಾನ ಬೇಕು. ಅದನ್ನು ಎರಡನೆಯದಾಗಿ ಕೊಳ್ಳಿ, ಮೊದಲನೆಯದಾಗಿ ಅಲ್ಲ.

ಹಗುರ ವಿಮಾನಗಳ ರೆಕ್ಕೆ ನೋಡಿದರೆ ಹಲವರಿಗೆ ಅನುಮಾನ ಬರುತ್ತದೆ. ಉಬ್ಬು ತಗ್ಗು ಯಾವುದೂ ಇಲ್ಲದ ಚಪ್ಪಟೆ ಹಲಗೆ! ಇದು ಹೇಗೆ ಹಾರೀತು? ಇಷ್ಟು ಚಿಕ್ಕ ಅಳತೆಯಲ್ಲಿ, ಇಷ್ಟು ನಿಧಾನ ವೇಗದಲ್ಲಿ ಗಾಳಿಯ ಅಂಟುತನದ ಪ್ರಭಾವ ಹೆಚ್ಚು. ದೊಡ್ಡ ವಿಮಾನದ ದಪ್ಪ ರೆಕ್ಕೆಯ ಆಕಾರದಿಂದ ಇಲ್ಲಿ ಅಂಥ ಲಾಭವಿಲ್ಲ. ಗಾಳಿಗೆ ಸ್ವಲ್ಪ ಓರೆಯಾಗಿ ಹಿಡಿದರೆ ಹಲಗೆಯೂ ಎತ್ತುತ್ತದೆ. ಮುಖ್ಯವಾಗಿ, ಅದಕ್ಕೆ ಮೇಲು ಕೆಳಗು ಎಂಬುದಿಲ್ಲ. ಕಲಿಕೆಯ ವಿಮಾನಗಳ ತಳ ಚಪ್ಪಟೆ, ಬೆನ್ನು ಉಬ್ಬು. ಅವು ತಲೆಕೆಳಗಾದಾಗ ಮೂತಿಯನ್ನು ಎತ್ತಿ ಹಿಡಿಯಲು ರಿಮೋಟಿನ ಎಲಿವೇಟರ್ (ಬಾಲದಲ್ಲಿದ್ದು ಮೂತಿಯನ್ನು ಏರಿಳಿಸುವ ಪಟ್ಟಿ) ಕಡ್ಡಿಯನ್ನು ಜೋರಾಗಿ ಮುಂದಕ್ಕೆ ಒತ್ತಬೇಕು. ಎರಡೂ ಬದಿ ಒಂದೇ ತೆರನಾದ ರೆಕ್ಕೆಗೆ ತುಸು ಒತ್ತಿದರೆ ಸಾಕು.

ಫೋಮಿನಲ್ಲಿ ಇಪಿಪಿ ಎಂಬ ಮೆತ್ತನೆಯ ಬಗೆ ಎಲ್ಲಕ್ಕಿಂತ ತಾಳಿಕೆಯದು. ಮಡಚಿದರೂ ಸೆಟೆದು ನಿಲ್ಲುತ್ತದೆ. ಮೆತ್ತಗಿರುವುದರಿಂದ ರೆಕ್ಕೆಯುದ್ದಕ್ಕೂ ಕಾರ್ಬನ್ ಕಡ್ಡಿ ಕೂರಿಸಲೇಬೇಕು, ಇಲ್ಲವಾದರೆ ವೇಗದಲ್ಲಿ ರೆಕ್ಕೆ ತಿರುಚಿಕೊಂಡು ಏಲರಾನ್ (ರೆಕ್ಕೆಯ ಹಿಂದಂಚಿನಲ್ಲಿದ್ದು ವಿಮಾನವನ್ನು ಎಡಬಲಕ್ಕೆ ವಾಲಿಸುವ ಪಟ್ಟಿ) ಒಂದು ಕಡೆ ಎಳೆದರೆ ವಿಮಾನ ಇನ್ನೊಂದು ಕಡೆ ವಾಲುತ್ತದೆ. ಮನೆಯಲ್ಲೇ ಕಟ್ಟುವ ವಿದ್ಯಾರ್ಥಿಗಳು ಬ್ಯಾನರ್ ಅಂಗಡಿಯಲ್ಲಿ ಸಿಗುವ ಸನ್‌ಬೋರ್ಡ್ ತಂದು ಕತ್ತರಿಸುವುದುಂಟು. ನೋಡಲು ನಯ, ಆದರೆ ಅಷ್ಟೇ ದಪ್ಪದ ಇಪಿಪಿಗಿಂತ ಹಲವು ಪಟ್ಟು ಭಾರ. ಅದರಲ್ಲಿ ಕಟ್ಟಿದ್ದು ಹಾರಿದರೂ ಲಾಗ ಹಾಕುವುದಿಲ್ಲ. ಥರ್ಮಾಕೋಲ್ ಹಗುರ, ಆದರೆ ಫೆವಿಕ್ವಿಕ್‌ನಂಥ ಅಂಟು ಸೋಕಿದರೆ ಕರಗಿ ತೂತು ಬೀಳುತ್ತದೆ. ಇಪಿಪಿಗೆ ಆ ಭಯವಿಲ್ಲ. ಗ್ಲೂ ಗನ್ನಿನ ಬಿಸಿ ಅಂಟು ಬೇಗ ಹಿಡಿಯುತ್ತದೆ ಎಂದು ಮೋಟಾರಿನ ಬುಡಕ್ಕೆ ಹಚ್ಚಬೇಡಿ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅದು ಮೆತ್ತಗಾಗಿ, ಹಾರುವಾಗ ಮೋಟಾರು ಓರೆಯಾಗುತ್ತದೆ. ಅಲ್ಲಿಗೆ ಎಪಾಕ್ಸಿಯೇ ಬೇಕು.

200 ಗ್ರಾಮಿನ ವಿಮಾನಕ್ಕೆ 25ರಿಂದ 30 ಗ್ರಾಮಿನ ಬ್ರಶ್‌ಲೆಸ್ ಮೋಟಾರು, ಎರಡು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, 8 ಇಂಚು ವ್ಯಾಸ ಮತ್ತು 4 ಇಂಚಿನ ಆಸುಪಾಸಿನ ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಇರುವ ಪ್ರೊಪೆಲ್ಲರು ಹೊಂದುತ್ತದೆ. ವ್ಯಾಸ ದೊಡ್ಡದು, ಪಿಚ್ ಚಿಕ್ಕದು ಎಂಬುದನ್ನು ಗಮನಿಸಿ. ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳಿದರೆ ಎತ್ತುವ ಬಲ ಹೆಚ್ಚು. ಗಾಳಿಯಲ್ಲಿ ನಿಲ್ಲಲು ತೂಕದಷ್ಟೇ ಬಲ ಸಾಕಾದರೂ ಅಲ್ಲಿಂದ ಮೇಲೇಳಲು ಒಂದೂವರೆ ಪಟ್ಟಾದರೂ ಬೇಕು. ಚಳಿಗಾಲದಲ್ಲಿ ಒಂದೂವರೆ ಪಟ್ಟು ತೂಗಿದ್ದು ಮೇ ತಿಂಗಳಲ್ಲಿ ಸುಮಾರು 1.4ಕ್ಕೆ ಇಳಿಯುತ್ತದೆ. ಅಕ್ಷರ, ಅಂಕಿ ಬರೆದಿರುವ ಬದಿ ಮುಂದಕ್ಕೆ ಬರುವಂತೆ ಪ್ರೊಪೆಲ್ಲರು ಹಾಕಬೇಕು. ತಿರುವುಮುರುವಾದರೂ ಅದು ತಿರುಗುತ್ತದೆ, ಗಾಳಿಯನ್ನೂ ತಳ್ಳುತ್ತದೆ, ಆದರೆ ಬಲ ಬಹಳ ಕುಸಿದಿರುತ್ತದೆ. ಹೊಸಬರು ಮೋಟಾರನ್ನು ದೂರುವ ಎಷ್ಟೋ ಸಂದರ್ಭಗಳಲ್ಲಿ ತಪ್ಪು ಇಲ್ಲಿರುತ್ತದೆ.

ಮೂರು ಸೆಲ್ಲಿನ ವಿಮಾನಗಳಲ್ಲಿ ಇನ್ನೊಂದು ತೊಡಕು. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಯೇ ಸರ್ವೊಗಳಿಗೂ (ರೆಕ್ಕೆ, ಬಾಲದ ಪಟ್ಟಿ ತಿರುಗಿಸುವ ಪುಟ್ಟ ಮೋಟಾರುಗಳು) ರಿಸೀವರಿಗೂ 5 ವೋಲ್ಟ್ ಕೊಡುತ್ತದೆ. ಅಗ್ಗದವು ಉಳಿದ ವೋಲ್ಟೇಜನ್ನು ಬಿಸಿಯಾಗಿ ಕಳೆಯುತ್ತವೆ. ನಾಲ್ಕು ಸರ್ವೊ ಒಟ್ಟಿಗೆ ಎಳೆದಾಗ, ಅದೂ ಬಿಸಿಲಿನ ದಿನ, ಅದು ಕಾದು ಕ್ಷಣಕಾಲ ಕೈಕೊಡುತ್ತದೆ. ರಿಸೀವರು ಆರಿ ಮತ್ತೆ ಹೊತ್ತುವಷ್ಟರಲ್ಲಿ ವಿಮಾನ ಹೊಲದಲ್ಲಿರುತ್ತದೆ, ಜನ ಸಿಗ್ನಲ್ ಹೋಯಿತು ಎನ್ನುತ್ತಾರೆ. ಆ 5 ವೋಲ್ಟ್ ಕೊಡುವ ಭಾಗ, ಅಂದರೆ ಬಿಇಸಿ, ಸ್ವಿಚಿಂಗ್ ಬಗೆಯದಾಗಿರುವ ಇಎಸ್‌ಸಿ ಆರಿಸಿದರೆ ಈ ಕಾಟವಿಲ್ಲ.

ಬ್ಯಾಟರಿಯ ಪ್ರತಿ ಸೆಲ್ಲು ತುಂಬಿದಾಗ 4.2 ವೋಲ್ಟ್. ಇಳಿಸಿ ಕೆಲ ನಿಮಿಷ ಬಿಟ್ಟು ಅಳೆದಾಗ 3.7ಕ್ಕಿಂತ ಕೆಳಗಿರಬಾರದು. ವಾರಗಟ್ಟಲೆ ಇಡುವುದಾದರೆ 3.8ರಲ್ಲಿ ಇಡಿ, ತುಂಬಿಸಿ ಇಡಬೇಡಿ. 850 ಎಂಎಎಚ್ ಬ್ಯಾಟರಿಯನ್ನು 0.85 ಆಂಪಿಯರಿನಲ್ಲಿ ಚಾರ್ಜ್ ಮಾಡಬೇಕು. ಸರಾಸರಿ 8 ಆಂಪಿಯರ್ ಎಳೆಯುವ ವಿಮಾನದಲ್ಲಿ ಅದರ ಶೇ 80 ಬಳಸಿದರೆ ಐದು ನಿಮಿಷದ ಹಾರಾಟ. ರಿಮೋಟಿನ ಟೈಮರನ್ನು ನಾಲ್ಕೂವರೆಗೆ ಇಟ್ಟು ಇಳಿಯಲು ಅರ್ಧ ನಿಮಿಷ ಉಳಿಸಿಕೊಳ್ಳಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲೇಬಾರದು, ಅದು ಹೊತ್ತಿ ಉರಿಯುವ ವಸ್ತು.

ಹಾರಿಸುವ ಮುನ್ನ ತೂಕದ ನಡುಬಿಂದು ನೋಡಬೇಕು. ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಶೇ 30ರ ಹತ್ತಿರ, 25 ಸೆಂಟಿಮೀಟರ್ ಅಗಲಕ್ಕೆ ಏಳೂವರೆ ಸೆಂಟಿಮೀಟರಿನಲ್ಲಿ ಎರಡು ಬೆರಳ ಮೇಲೆ ಎತ್ತಿದರೆ ವಿಮಾನ ಸಮನಾಗಿ ನಿಲ್ಲಬೇಕು. ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ ಇದನ್ನು ಹೊಂದಿಸಿ, ಸೀಸದ ತುಂಡು ಕಟ್ಟಿ ತೂಕ ಹೆಚ್ಚಿಸಬೇಡಿ. ಮೂತಿ ಭಾರವಾದರೆ ವಿಮಾನ ಮೊಂಡಾಗುತ್ತದೆ, ಬಾಲ ಭಾರವಾದರೆ ಕೈಗೇ ಸಿಗುವುದಿಲ್ಲ. ಹಾರುವಾಗಲೂ ಪರೀಕ್ಷಿಸಬಹುದು: 45 ಡಿಗ್ರಿ ಓರೆಯಾಗಿ ಏರಿಸಿ, ಮಗುಚಿ, ಎಲಿವೇಟರ್ ಕಡ್ಡಿಯನ್ನು ಬಿಟ್ಟುಬಿಡಿ. ಅದೇ ಗೆರೆಯಲ್ಲಿ ಹೋದರೆ ಸರಿ. ಥಟ್ಟನೆ ನೆಲದ ಕಡೆ ಬಾಗಿದರೆ ಮೂತಿ ಭಾರ, ಆಕಾಶದ ಕಡೆ ಎದ್ದರೆ ಬಾಲ ಭಾರ.

ರಿಮೋಟಿನಲ್ಲಿ ಎರಡು ರೇಟ್ (ಪಟ್ಟಿಗಳು ಎಷ್ಟು ತಿರುಗಬೇಕೆಂಬ ಮಿತಿ) ಇಟ್ಟುಕೊಳ್ಳಿ. ಕಲಿಕೆಗೆ ಎಲಿವೇಟರ್, ಏಲರಾನ್ 15ರಿಂದ 20 ಡಿಗ್ರಿ ತಿರುಗಿದರೆ ಸಾಕು, ನಿಂತು ಹಾರುವ ಆಟಕ್ಕೆ 45 ಡಿಗ್ರಿ. ದೊಡ್ಡ ರೇಟಿನ ಜೊತೆ ಎಕ್ಸ್‌ಪೊ ಶೇ 50ರಿಂದ 60 ಇರಲಿ. ಹಾಗಾದರೆ ಕಡ್ಡಿಯ ನಡುಭಾಗ ಮೆದುವಾಗುತ್ತದೆ. ಕೆಲವು ರಿಮೋಟುಗಳಲ್ಲಿ ಮೈನಸ್ ಹಾಕಿದರೆ ಮೆದು, ಕೆಲವುಗಳಲ್ಲಿ ಪ್ಲಸ್. ಕಡ್ಡಿಯನ್ನು ತುಸುವೇ ಅಲ್ಲಾಡಿಸಿ ಕಣ್ಣಾರೆ ನೋಡಿಕೊಳ್ಳಿ. ಏಲರಾನ್ ತಿರುವುಮುರುವಾಗಿದ್ದು ನೆಲದಲ್ಲಿದ್ದಾಗ ಗಮನಕ್ಕೆ ಬರದೆ, ಕೈಯಿಂದ ಬಿಟ್ಟ ಎರಡು ಸೆಕೆಂಡಿನಲ್ಲಿ ವಿಮಾನ ಬೀಳುವುದು ತೀರ ಸಾಮಾನ್ಯ. ಕಡ್ಡಿ ಬಲಕ್ಕೆ ಒತ್ತಿದರೆ ಬಲಗಡೆಯ ಏಲರಾನ್ ಮೇಲೇಳಬೇಕು. ವಾಲಿದ್ದನ್ನು ತಾನೇ ತಿದ್ದುವ ಗೈರೊ ಇರುವ ರಿಸೀವರಾದರೆ ಅದನ್ನು ಬೇರೆಯಾಗಿ ಪರೀಕ್ಷಿಸಿ: ಕೈಯಲ್ಲಿ ಹಿಡಿದು ಬಲ ರೆಕ್ಕೆಯನ್ನು ಕೆಳಗೆ ವಾಲಿಸಿದಾಗ ಬಲ ಏಲರಾನ್ ತಾನಾಗಿ ಕೆಳಗೆ ಬರಬೇಕು.

ಇನ್ನು ಜಾಗ. ಎರಿ ನೆಲ ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಯಲ್ಲಿ ಗಾಲಿಗೆ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಗಾಲಿ ತೆಗೆದುಬಿಡಿ, ಹತ್ತಿಪ್ಪತ್ತು ಗ್ರಾಂ ಉಳಿಯುತ್ತದೆ. ಕೈಯಿಂದ ಬಿಟ್ಟು, ಹೊಟ್ಟೆಯ ಮೇಲೆ ಇಳಿಸಿದರಾಯಿತು. ಬಿಳಿಜೋಳ ಕೊಯ್ದ ಹೊಲದಲ್ಲಿ ಉಳಿದ ಕೂಳಿ ಫೋಮನ್ನು ಚುಚ್ಚುತ್ತದೆ. ಗಟ್ಟಿ ಮಡ್ಡಿ ನೆಲವೋ ಹುಲ್ಲಿನ ಬೀಳು ಭೂಮಿಯೋ ಲೇಸು, ಹೊಲದವರನ್ನು ಕೇಳಿಕೊಂಡೇ ಹಾರಿಸಬೇಕು. ಪಂಪ್‌ಸೆಟ್ಟಿನ ತಂತಿಗೆ ಸಿಕ್ಕಿಬಿದ್ದ ವಿಮಾನವನ್ನು ಕೋಲಿನಿಂದ ತೆಗೆಯುವ ಸಾಹಸ ಬೇಡವೇ ಬೇಡ. ಬೆಳಗಿನ ಹೊತ್ತು ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣ, ಆಲಮಟ್ಟಿ ಜಲಾಶಯ, ಸ್ಮಾರಕಗಳ ಸುತ್ತಮುತ್ತ ಹಾರಿಸಲು ಹೋಗಬೇಡಿ. ಎಲ್ಲಿದ್ದರೂ ಕೇಂದ್ರ ಸರ್ಕಾರದ ಡಿಜಿಟಲ್ ಸ್ಕೈ ನಕಾಶೆಯಲ್ಲಿ ಆ ಜಾಗ ಹಸಿರು ವಲಯದಲ್ಲಿದೆಯೇ ಎಂದು ನೋಡಿಕೊಳ್ಳಬೇಕು. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೊ ವರ್ಗ, ಅದನ್ನು ಹಾರಿಸಲು ಪೈಲಟ್ ಲೈಸೆನ್ಸ್ ಬೇಕಿಲ್ಲ. ಹಗುರಕ್ಕೆ ಕಾನೂನಿನಲ್ಲೂ ಲಾಭವಿದೆ.

ಕಲಿಯುವಾಗ ಗೋಳಗುಮ್ಮಟದಷ್ಟು ಎತ್ತರವನ್ನು, ಅಂದರೆ ಸುಮಾರು 50 ಮೀಟರನ್ನು ಅಂದಾಜಿಗೆ ಇಟ್ಟುಕೊಳ್ಳಿ. ತಪ್ಪಿದರೂ ತಿದ್ದಿಕೊಳ್ಳಲು ಅಷ್ಟು ಜಾಗ ಬೇಕು. ವಿಮಾನ ನಮ್ಮ ಕಡೆ ಬರುವಾಗ ಎಡಬಲ ಅದಲುಬದಲಾಗಿ ಗೊಂದಲವಾಗುತ್ತದೆ. ಆಗ ಯಾವ ರೆಕ್ಕೆ ಕೆಳಗೆ ಕಾಣುತ್ತದೋ ಆ ಕಡೆಗೇ ಕಡ್ಡಿ ಒತ್ತಿದರೆ ನೆಟ್ಟಗಾಗುತ್ತದೆ.

ಮೊದಲು ಲೂಪ್, ಅಂದರೆ ಮೇಲಕ್ಕೇರಿ ಬೆನ್ನು ಕೆಳಗಾಗಿ ಸುತ್ತಿ ಬರುವ ಲಾಗ. 1913ರಲ್ಲಿ ರಷ್ಯಾದ ಸೇನಾ ಪೈಲಟ್ ಪ್ಯೋತ್ರ್ ನೆಸ್ಟೆರೋವ್ ಕೀವ್‌ನಲ್ಲಿ ಜಗತ್ತಿನಲ್ಲೇ ಮೊದಲ ಬಾರಿಗೆ ಇದನ್ನು ಮಾಡಿದ. ಸೆಕೆಂಡಿಗೆ 12 ಮೀಟರ್ ವೇಗದಲ್ಲಿರುವ ವಿಮಾನ ಬರೀ ಆ ವೇಗದ ಬಲದಿಂದ ಏಳು ಮೀಟರಿಗಿಂತ ತುಸು ಹೆಚ್ಚು ಏರೀತು, ಅಷ್ಟೆ. 12 ಮೀಟರ್ ಎತ್ತರದ ಲೂಪ್ ಮುಗಿಯಬೇಕಾದರೆ ಉಳಿದದ್ದನ್ನು ಮೋಟಾರೇ ಕೊಡಬೇಕು. ಆದ್ದರಿಂದ ಏರುವಾಗ ಪೂರ್ತಿ ಥ್ರಾಟಲ್ (ಮೋಟಾರಿನ ವೇಗ), ನೆತ್ತಿ ದಾಟಿದೊಡನೆ ಇಳಿಸಿ. ಅದೇ 12 ಮೀಟರ್ ವೇಗದಲ್ಲಿ ಲೂಪಿನ ತಳಕ್ಕೆ ಬಂದಾಗ ರೆಕ್ಕೆಯ ಮೇಲಿನ ಹೊರೆ ಸುಮಾರು ಮೂರೂವರೆ ಪಟ್ಟು, 200 ಗ್ರಾಮಿನ ವಿಮಾನವನ್ನು 690 ಗ್ರಾಂ ಎಂಬಂತೆ ಅದು ಹೊರಬೇಕು. ಅಲ್ಲಿ ಗಾಬರಿಯಿಂದ ಎಲಿವೇಟರನ್ನು ಪೂರ್ತಿ ಎಳೆದರೆ ಗಾಳಿ ರೆಕ್ಕೆಯ ಮೇಲಿಂದ ಕಿತ್ತುಹೋಗಿ ವಿಮಾನ ಒಂದು ಬದಿಗೆ ಮಗುಚುತ್ತದೆ. ಎಳೆದದ್ದನ್ನು ಬಿಡಬೇಕು, ಥ್ರಾಟಲ್ ಕೊಡಬೇಕು. ಭಯವಾದಾಗ ಕೈ ಇದಕ್ಕೆ ವಿರುದ್ಧವಾಗಿ ಹೋಗುತ್ತದೆ, ಅದಕ್ಕೇ ಸಿಮ್ಯುಲೇಟರಿನಲ್ಲಿ ಅಭ್ಯಾಸ ಬೇಕು.

ರೋಲ್ (ಮುಂದೆ ಹೋಗುತ್ತಲೇ ಒಂದು ಸುತ್ತು ಉರುಳುವುದು) ಮಾಡುವಾಗ ಮೂತಿಯನ್ನು ಹತ್ತು ಡಿಗ್ರಿ ಎತ್ತಿ ಶುರುಮಾಡಿ, ತಲೆಕೆಳಗಾದ ಕ್ಷಣ ಎಲಿವೇಟರನ್ನು ತುಸು ಮುಂದಕ್ಕೆ ಒತ್ತಿ. ಸ್ಟಾಲ್ ಟರ್ನ್‌ಗೆ (ತುದಿಯಲ್ಲಿ ಬದಿಗೆ ತಿರುಗಿ ಕೆಳಗಿಳಿಯುವ ಆಟ) ನೆಟ್ಟಗೆ ಏರಿಸಿ, ಇನ್ನೇನು ನಿಲ್ಲುತ್ತದೆ ಎನ್ನುವ ಮೊದಲೇ ಬಾಲದ ನಿಂತ ಪಟ್ಟಿಯಾದ ರಡ್ಡರನ್ನು ಪೂರ್ತಿ ಎಡಕ್ಕೆ ತಿರುಗಿಸಿ. ಪೂರ್ತಿ ನಿಂತ ಮೇಲೆ ರಡ್ಡರಿಗೆ ಪ್ರೊಪೆಲ್ಲರಿನ ಗಾಳಿ ಬಿಟ್ಟರೆ ಬೇರೆ ಆಸರೆಯಿಲ್ಲ.

ಮೂತಿ ಮೇಲೆತ್ತಿ ನಿಲ್ಲಿಸುವುದು ಕೊನೆಯ ಪಾಠ. ವಿಮಾನ ನಮ್ಮಿಂದ ದೂರ ಹೋಗುತ್ತಿರುವಾಗ ನಿಧಾನಿಸಿ ಮೇಲಕ್ಕೆ ಎತ್ತಿದರೆ ಅದರ ಬೆನ್ನು ನಮ್ಮ ಕಡೆಗಿರುತ್ತದೆ, ಆಗ ರಡ್ಡರಿನ ಎಡಬಲ ನಮ್ಮ ಎಡಬಲವೇ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರು ಗಡಿಯಾರದ ಮುಳ್ಳಿನಂತೆ ತಿರುಗುವುದರಿಂದ ವಿಮಾನದ ಮೈ ಎಡಕ್ಕೆ ಸುತ್ತಲು ನೋಡುತ್ತದೆ, ಬಲ ಏಲರಾನ್ ಹಿಡಿದಿರಬೇಕು. ಥ್ರಾಟಲ್ಲನ್ನು ಒಂದೇ ಕಡೆ ಹಿಡಿಯದೆ ತುಸು ಏರಿಸುತ್ತ ಇಳಿಸುತ್ತ ಇರಬೇಕು, ರಡ್ಡರ್ ಎಲಿವೇಟರನ್ನು ಸಣ್ಣ ಸಣ್ಣದಾಗಿ ತಟ್ಟಬೇಕು. ಒಂದು ಬದಿಗೆ 30 ಡಿಗ್ರಿ ವಾಲಿತೆಂದರೆ ತಿದ್ದಲು ಹೆಣಗದೆ ಪೂರ್ತಿ ಥ್ರಾಟಲ್ ಕೊಟ್ಟು ಹಾರಿಹೋಗಲು ಬಿಡಿ.

ಬೀಳುವುದು ಖಚಿತವಾದಾಗ ಮಾತ್ರ ಥ್ರಾಟಲನ್ನು ಸೊನ್ನೆಗೆ ತನ್ನಿ, ನೆಲ ಮುಟ್ಟುವ ಮೊದಲೇ. ನೆಲದಲ್ಲಿ ಸಿಕ್ಕಿಕೊಂಡ ಪ್ರೊಪೆಲ್ಲರನ್ನು ತಿರುಗಿಸಲು ಹೆಣಗುವ ಮೋಟಾರು ಇಎಸ್‌ಸಿಯನ್ನು ಸುಟ್ಟುಹಾಕುತ್ತದೆ. ಎತ್ತಿಕೊಂಡ ಮೇಲೆ ಮೊದಲು ಬ್ಯಾಟರಿ ಬಿಚ್ಚಿ, ಆಮೇಲೆ ಮೋಟಾರಿನೊಳಗಿನ ಎರಿಮಣ್ಣನ್ನು ಬ್ರಶ್ಶಿನಿಂದ ತೆಗೆದು, ಕೈಯಿಂದ ತಿರುಗಿಸಿ, ಕಿರುಗುಟ್ಟುವ ಸದ್ದು ಹೋಗುವವರೆಗೆ ಮತ್ತೆ ಹಾರಿಸಬೇಡಿ.